ನಡುಸಮುದ್ರದಲ್ಲಿ ಬಿಟ್ಟ ಮೀನು

ನಮ್ಮ ಸ್ಕೂಟರಿನ ಕನ್ನಡಿಗೆ ಒಂದು ಗುಲಾಬಿ ಬಣ್ಣದ ಕುಚ್ಚು ನೇತಾಡುತ್ತಿದೆ. ರಬ್ಬರಿನದು. ಮೇಲುಗಡೆ ಗೋಲಿಯಷ್ಟು ದಪ್ಪದ ಎರಡು ಕಣ್ಣು, ಕೆಳಗೆ ಇಪ್ಪತ್ತು ಮೂವತ್ತು ಎಳೆ. ಗಾಡಿ ಓಡುವಾಗ ಎಳೆಗಳೆಲ್ಲ ಹಿಂದಕ್ಕೆ ಹಾರಾಡುತ್ತವೆ. ಪಾಂಡವಪುರದ ಪೆಟ್ರೋಲ್ ಬಂಕಿನಲ್ಲಿ ನಿಂತಾಗಲೆಲ್ಲ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ, "ಯಾವ ದೇವ್ರುದಣ್ಣ ಇದು?" ದೃಷ್ಟಿಗೆ ಕಟ್ಟಿದ್ದು ಎಂದುಕೊಂಡವರಿದ್ದಾರೆ. ಮೇಲುಕೋಟೆಯಲ್ಲಿ ಸಿಗುತ್ತದಾ ಎಂದು ವಿಚಾರಿಸಿದವರಿದ್ದಾರೆ. ಒಬ್ಬ ಹಿರಿಯರಂತೂ ಅದನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡುಬಿಟ್ಟರು. ಅಷ್ಟಾದ ಮೇಲೆ, ಸ್ವಾಮಿ ಇದು ಮೀನು ಹಿಡಿಯುವ ಸಾಮಾನು ಎಂದು ಹೇಳುವುದಕ್ಕೆ ನನಗೆ ಬಾಯಿ ಬರಲಿಲ್ಲ.

ನಿಮಗೆ ಹೇಳುವುದಕ್ಕೆ ಸಂಕೋಚವಿಲ್ಲ. ಅದು ಸಮುದ್ರದ ದೊಡ್ಡ ಮೀನುಗಳನ್ನು ಯಾಮಾರಿಸಲು ಮಾಡಿದ ಬೊಂಬೆ. ನೀರಲ್ಲಿ ಎಳೆದುಕೊಂಡು ಹೋದರೆ ಹತ್ತು ಕಾಲಿನ ಯಾವುದೋ ಜೀವಿ ತಪ್ಪಿಸಿಕೊಂಡು ಓಡುತ್ತಿರುವ ಹಾಗೆ ಕಾಣುತ್ತದೆ. ಅದರ ಹೊಟ್ಟೆಯಲ್ಲಿ ಅಂಗೈ ಅಗಲದ ಒಂದು ಗಾಳವಿತ್ತು. ನನ್ನ ಹೆಂಡತಿ ಭಾಗ್ಯ ಅದನ್ನು ಇಕ್ಕಳದಲ್ಲಿ ಕಿತ್ತು ಬಿಸಾಕಿ, ಕುಚ್ಚನ್ನು ಮಾತ್ರ ತೊಳೆದು ಗಾಡಿಗೆ ಕಟ್ಟಿದಳು. ಹಿಂದೂ ಮಹಾಸಾಗರವನ್ನು ಉದ್ದಕ್ಕೆ ದಾಟಿದ ವಸ್ತು ಅದು. ಈಗ ಹಾಲಿನ ಡೈರಿಗೂ ರೇಷನ್ ಅಂಗಡಿಗೂ ಹೋಗಿಬರುತ್ತಿದೆ. ನನ್ನ ಕಥೆಯೂ ಹೆಚ್ಚು ಕಮ್ಮಿ ಅದೇ.

ಈಗ ಪಾಂಡವಪುರದಲ್ಲಿ ಮೋಟಾರು ರಿಪೇರಿ ಅಂಗಡಿ ಇಟ್ಟುಕೊಂಡಿರುವ ನಾನು, ಹಿಂದೆ ಹಲವು ವರ್ಷ ಟಗ್ಗಿನ ಇಂಜಿನ್ ರೂಮಿನಲ್ಲಿ ಕೆಲಸ ಮಾಡಿದವನು. ಹಡಗು ಎಂದ ಕೂಡಲೇ ನಮ್ಮ ಕಡೆಯವರು ಬಿಳೀ ಸಮವಸ್ತ್ರ, ಟೋಪಿ ಎಲ್ಲ ಕಲ್ಪಿಸಿಕೊಂಡುಬಿಡುತ್ತಾರೆ. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ: ಟಗ್ಗು ಎಂದರೆ ಸಮುದ್ರದ ಟ್ರಾಕ್ಟರು. ತಾನಾಗಿ ಹೋಗಲಾರದ ದೊಡ್ಡ ದೊಡ್ಡ ತೆಪ್ಪಗಳನ್ನು, ಕೆಟ್ಟು ನಿಂತ ಹಡಗುಗಳನ್ನು ಉಕ್ಕಿನ ಹಗ್ಗ ಕಟ್ಟಿ ಎಳೆದುಕೊಂಡು ಹೋಗುವುದೇ ಅದರ ಕೆಲಸ. ಕಬ್ಬಿನ ಲೋಡು ಕಟ್ಟಿದ ಟ್ರಾಕ್ಟರಿನ ಹಿಂದೆ ಬೈಕಿನಲ್ಲಿ ಸಿಕ್ಕಿಹಾಕಿಕೊಂಡ ಅನುಭವ ನಿಮಗಿದ್ದರೆ ಅದರ ವೇಗವನ್ನು ನಾನು ವಿವರಿಸಬೇಕಾಗಿಲ್ಲ. ಆರಾಮಾಗಿ ಸೈಕಲ್ ತುಳಿಯುವವನು ನಮ್ಮನ್ನು ಹಿಂದೆ ಹಾಕಿ ಹೋಗಬಹುದು. ಆ ವೇಗದಲ್ಲಿ ನಾವು ಸಿಂಗಾಪುರದಿಂದ ಆಫ್ರಿಕಾದ ಡರ್ಬನ್ನಿಗೆ ಹೂಳೆತ್ತುವ ಯಂತ್ರ ಹೊತ್ತ ಒಂದು ತೆಪ್ಪವನ್ನು ಎಳೆದುಕೊಂಡು ಹೊರಟಿದ್ದೆವು. ಹನ್ನೆರಡು ಜನ, ಸುಮಾರು ನಲವತ್ತು ದಿನ, ನಡುವೆ ಕಾಲಿಡಲು ಒಂದು ಚೂರು ನೆಲವಿಲ್ಲ. ಇದು ಐದು ವರ್ಷದ ಹಿಂದಿನ ಮಾತು.

ಸಮುದ್ರಕ್ಕೆ ಹೋಗುವ ಮೊದಲು ಸ್ವಲ್ಪ ಗಂಜಾಮಿಗೆ ಹೋಗಿಬರೋಣ.

ಶ್ರೀರಂಗಪಟ್ಟಣದ ದ್ವೀಪದ ಮೂಡಲ ತುದಿಗೆ ಗಂಜಾಂ. ಅಲ್ಲಿ ನನ್ನ ಸೋದರಮಾವ ಬೋರೇಗೌಡನ ಮನೆ. ನಮ್ಮವ್ವನ ತಮ್ಮ. ಅವನ ಮಗಳು ಭಾಗ್ಯಳನ್ನೇ ನಾನು ಮದುವೆಯಾದ್ದರಿಂದ ಅವನು ನನಗೆ ಎರಡು ಕಡೆಯಿಂದಲೂ ಮಾವ. ಹೆಣ್ಣು ಕೊಟ್ಟ ಮೇಲಾದರೂ ಬಹುವಚನ ಹಚ್ಚು ಎಂದು ಅವ್ವ ಎಷ್ಟೋ ಹೇಳಿದಳು. ಎರಡು ದಿನ 'ಮಾವನವರೇ' ಎಂದು ನೋಡಿದೆ. ಮೂರನೇ ದಿನ ಅವನೇ, "ಯಾಕ್ಲಾ, ನನ್ ಮ್ಯಾಲೆ ಏನಾರ ಸಿಟ್ಟಾ?" ಎಂದು ಕೇಳಿದ. ಅಲ್ಲಿಗೆ ಬಿಟ್ಟೆ.

ಬೇಸಿಗೆ ರಜೆ ಬಂತೆಂದರೆ ನಮ್ಮನ್ನು ಪಾಂಡವಪುರದಿಂದ ಬಸ್ಸು ಹತ್ತಿಸಿ ಗಂಜಾಮಿಗೆ ಅಟ್ಟಿಬಿಡುತ್ತಿದ್ದರು. ಮಾವ ಹೊಲಗದ್ದೆ ನೋಡಿಕೊಂಡಿದ್ದವನೇ, ಆದರೆ ಅವನ ಜೀವ ಇದ್ದದ್ದು ಕಾವೇರಿಯ ದಂಡೆಯಲ್ಲಿ. ಕೈಯಲ್ಲಿ ಬಿದಿರಿನ ಕೋಲು, ಪಕ್ಕದಲ್ಲಿ ರಾಗಿ ಉಂಡೆ. ಆ ಉಂಡೆಯ ತಯಾರಿಯೇ ಒಂದು ದೊಡ್ಡ ಸಂಭ್ರಮ. ರಾಗಿ ಹಿಟ್ಟನ್ನು ಬೇಯಿಸಿ, ಕಡಲೆಕಾಯಿ ಹಿಂಡಿ ಪುಡಿ ಮಾಡಿ ಹಾಕಿ, ಒಂದು ಚೂರು ಬೆಲ್ಲ ಸೇರಿಸಿ, ನೀರಲ್ಲಿ ಕರಗದಿರಲಿ ಎಂದು ಅದರೊಳಗೆ ಹತ್ತಿಯ ಎಳೆ ಕೂಡಿಸಿ ನಾದಬೇಕು. ಹತ್ತಿ ಹಾಕುವ ಮುಂಚೆ ನಾನು ಅರ್ಧ ತಿಂದುಬಿಡುತ್ತಿದ್ದೆ. ಮಾವ ಬೈಯುತ್ತಿರಲಿಲ್ಲ. "ಮೀನ್ಗೂ ವಸಿ ಮಡುಗ್ಲಾ, ಅವೂ ಎದ್ದು ಕಾಯ್ತಾ ಇರ್ತವೆ," ಎನ್ನುತ್ತಿದ್ದ.

ನಾನು ಮೊದಲ ಮೀನು ಹಿಡಿದಾಗ ನನಗೆ ಏಳು ವರ್ಷ. ಅಂಗೈಯಷ್ಟು ದೊಡ್ಡ ಗೆಂಡೆ. ದಂಡೆಯಲ್ಲಿ ಮಾವನ ಜೊತೆ ಗಾಳ ಹಾಕಿ ಕೂತಿದ್ದ ಅವನ ಮೂವರು ಸ್ನೇಹಿತರೂ ಇದ್ದರು. ಮಾವ ಎದ್ದು ಬಂದವನೇ ಮೀನನ್ನು ನನ್ನ ಕೈಯಿಂದ ತೆಗೆದುಕೊಂಡು, ಬಹಳ ಗಂಭೀರವಾಗಿ, "ಮೊದಲ್ನೇದು ನಮ್ದಲ್ಲ ಕಣ್ಲಾ ಪುಟ್ಸಾಮಿ, ಗಂಗವ್ವಂದು. ನಮ್ ವಂಸ್ದಲ್ಲಿ ಇಂಗೇಯ," ಎಂದ. ಆಮೇಲೆ ನೀರಿಗೆ ಬಗ್ಗಿ, "ತಗಳವ್ವ, ನಿನ್ ಕೂಸ ನೀನೇ ಮಡಿಕ," ಎಂದು ಬಿಟ್ಟುಬಿಟ್ಟ. ಮೀನು ಬಾಲ ಬಡಿದು ಹೋಯಿತು. ನನಗೆ ಅದು ದೊಡ್ಡ ದೀಕ್ಷೆ ಸಿಕ್ಕ ಹಾಗಾಯಿತು. ಶಾಲೆಯಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ನಿಮ್ಮನೇಲಿ ಮೊದಲ ಮೀನು ಏನು ಮಾಡ್ತೀರಿ ಎಂದು ಕೇಳುವುದು, ತಿಂತೀವಿ ಎಂದರೆ, ಪಾಪ ಇವರಿಗೆ ಏನೂ ಗೊತ್ತಿಲ್ಲ ಎಂಬ ಹಾಗೆ ನೋಡುವುದು.

ಅಂದಿನಿಂದ ನಾನು ಯಾವತ್ತು ಗಾಳ ಹಾಕಿದರೂ ಆ ದಿನದ ಮೊದಲ ಮೀನು ನೀರಿಗೇ ವಾಪಸು. ಮಾವನದೂ ಅಷ್ಟೇ. ಇಡೀ ದಿನಕ್ಕೆ ಒಂದೇ ಮೀನು ಸಿಕ್ಕರೆ ಅದನ್ನೂ ಬಿಟ್ಟು ಬರಿಗೈಯಲ್ಲಿ ಮನೆಗೆ ಬರುತ್ತಿದ್ದ. ನಮ್ಮತ್ತೆ ಬಾಗಿಲಲ್ಲೇ ನಿಂತಿರುತ್ತಿದ್ದಳು. "ಖಾರ ಅರ್ದು ಮಡ್ಗಿವ್ನಿ. ಅದ್ನೂ ತಕಂಡೋಗಿ ನಿಮ್ ಗಂಗವ್ವಂಗೇ ಕೊಟ್ಬುಡಿ," ಎಂದು ರೇಗುತ್ತಿದ್ದಳು. ಮಾವ ಕಾಲು ತೊಳೆದುಕೊಂಡು ಬಸ್ಸಾರಿಗೆ ಕೂರುತ್ತಿದ್ದ.

ಈಗ ಸಮುದ್ರಕ್ಕೆ ಬನ್ನಿ.

ನಿಧಾನಕ್ಕೆ ಸಾಗುವ ಟಗ್ಗಿನಲ್ಲಿ ಒಂದೇ ಒಂದು ಸುಖವೆಂದರೆ, ಹಿಂದೆ ಗಾಳ ಎಳೆದುಕೊಂಡು ಹೋಗಬಹುದು. ಕೂತು ಕಾಯುವ ಗಾಳವಲ್ಲ ಇದು. ನಲವತ್ತು ಮಾರು ಗಟ್ಟಿ ನೈಲಾನ್ ದಾರ, ತುದಿಗೆ ಬೊಂಬೆ. ಹಡಗು ಹೋದಂತೆ ಬೊಂಬೆಯೂ ನೀರಿನ ಮೇಲೆ ನೆಗೆಯುತ್ತಾ ಹಿಂದೆ ಬರುತ್ತದೆ. ಎಳೆಯುವ ಉಕ್ಕಿನ ಹಗ್ಗಕ್ಕೆ ತೊಡಕದ ಹಾಗೆ ಎರಡು ಪಕ್ಕಕ್ಕೂ ಉದ್ದನೆ ಪೈಪು ಚಾಚಿ ದಾರ ಕಟ್ಟುತ್ತೇವೆ. ದೊಡ್ಡ ಮೀನು ಒಮ್ಮೆಗೇ ಎಳೆದಾಗ ದಾರ ತುಂಡಾಗದಿರಲಿ ಎಂದು ನಡುವೆ ಲಾರಿ ಟ್ಯೂಬಿನ ರಬ್ಬರು. ಒಂದು ಹಳೇ ಹಾಲಿನಪುಡಿ ಡಬ್ಬಕ್ಕೆ ನಾಲ್ಕು ನಟ್ಟು ಬೋಲ್ಟು ಹಾಕಿ ದಾರಕ್ಕೆ ನೇತುಹಾಕಿದರೆ, ಮೀನು ಬಿದ್ದಾಗ ಅದೇ ಗಂಟೆ. ಎಲ್ಲರೂ ಅವರವರ ಕೆಲಸ ಮಾಡಿಕೊಂಡಿರುತ್ತಾರೆ, ಕಿವಿ ಮಾತ್ರ ಡಬ್ಬದ ಕಡೆ.

ಇದೆಲ್ಲ ನಾನು ಆಮೇಲೆ ಕಲಿತದ್ದು. ಮೊದಲ ಪಯಣದಲ್ಲಿ ನಾನು ಏನು ಮಾಡಿದೆ ಎಂದು ಹೇಳಿದರೆ ನೀವು ನಗಬಾರದು. ಭಾಗ್ಯ ಕಟ್ಟಿಕೊಟ್ಟ ರಾಗಿ ಹಿಟ್ಟಿತ್ತು. ಅಡುಗೆಮನೆಯ ಮೂಲೆಯಲ್ಲಿ ಬೇಯಿಸಿ, ಬೆಲ್ಲ ಹಾಕಿ, ಔಷಧಿ ಪೆಟ್ಟಿಗೆಯಿಂದ ಹತ್ತಿ ಕದ್ದು, ಮಾವ ಕಲಿಸಿದ ಹಾಗೇ ನಾದಿ, ತೆಂಗಿನಕಾಯಿ ಗಾತ್ರದ ಉಂಡೆ ಮಾಡಿ ಗಾಳಕ್ಕೆ ಚುಚ್ಚಿ ಹಿಂದೂ ಮಹಾಸಾಗರಕ್ಕೆ ಬಿಟ್ಟೆ. ಮೀನು ದೊಡ್ಡದು, ಉಂಡೆಯೂ ದೊಡ್ಡದಿರಬೇಕು ಎಂಬುದು ನನ್ನ ಲೆಕ್ಕಾಚಾರ. ಉಂಡೆ ಅಲೆಯ ಮೇಲೆ ಮೂರು ಸಲ ಪುಟಿದು ನಾಲ್ಕನೆಯ ಸಲಕ್ಕೆ ಮಾಯವಾಯಿತು. ಬರೀ ಹತ್ತಿ ಉಳಿಯಿತು. ಅಡುಗೆಯ ವರ್ಗೀಸ್, ಕೇರಳದ ಕಡೆಯ ಹಿರಿಯ ಮನುಷ್ಯ, ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಅವನೇ ಈ ಗುಲಾಬಿ ಬೊಂಬೆಯನ್ನು ನನಗೆ ಕೊಟ್ಟ. ಬೇಟೆಯಾಡಿ ತಿನ್ನುವ ಮೀನಿಗೆ ಮುದ್ದೆ ಬಡಿಸಲು ಹೋಗಿದ್ದೆ ನಾನು. ಬೇಕಿದ್ದರೆ ಸಾರನ್ನೂ ಕೇಳಬಹುದಿತ್ತು ಅವು.

ಆ ವರ್ಗೀಸನೇ ಡರ್ಬನ್ ಪಯಣದಲ್ಲೂ ಜೊತೆಗಿದ್ದ. ನಮ್ಮಿಬ್ಬರಿಗೂ ಸಾಮಾನ್ಯವಾಗಿದ್ದ ಭಾಷೆ ಹಿಂದಿ. ನಮ್ಮ ಹಿಂದಿ ಕೇಳಿದರೆ ಹಿಂದಿಯವರು ಕಣ್ಣೀರು ಹಾಕುತ್ತಿದ್ದರು, ಆದರೆ ನಮಗೆ ಚೆನ್ನಾಗಿ ಅರ್ಥವಾಗುತ್ತಿತ್ತು. ಹನ್ನೊಂದನೆಯ ದಿನ ಮಾಂಸ, ಮೀನು ಇಟ್ಟಿದ್ದ ಶೀತಕೋಣೆಯ ಕಂಪ್ರೆಸರ್ ಕೆಟ್ಟಿತು. ರಿಪೇರಿ ಮಾಡಬೇಕಾದವನು ನಾನು. ಎರಡು ದಿನ ಬಿಚ್ಚಿದೆ, ಎರಡು ದಿನ ಜೋಡಿಸಿದೆ. ಜೋಡಿಸಿದ ಮೇಲೆ ಮೂರು ಸಾಮಾನು ಮಿಕ್ಕಿದವು, ಯಂತ್ರ ಮಾತ್ರ ಮಿಸುಕಲಿಲ್ಲ. ಕೋಣೆಯಲ್ಲಿದ್ದದ್ದೆಲ್ಲ ಕೊಳೆತು ಸಮುದ್ರದ ಪಾಲಾಯಿತು. ಉಳಿದದ್ದು ಅಕ್ಕಿ, ಬೇಳೆ, ಆಲೂಗಡ್ಡೆ, ಈರುಳ್ಳಿ. ಬೆಳಿಗ್ಗೆ ಬೇಳೆ, ಮಧ್ಯಾಹ್ನ ಬೇಳೆ, ಸಂಜೆ ಆಲೂಗಡ್ಡೆ ಹಾಕಿದ ಬೇಳೆ. ಯಾರೂ ನನ್ನನ್ನು ಬೈಯಲಿಲ್ಲ. ತಟ್ಟೆ ನೋಡಿ, ನನ್ನ ಮುಖ ನೋಡಿ, ಮತ್ತೆ ತಟ್ಟೆ ನೋಡುತ್ತಿದ್ದರು ಅಷ್ಟೇ. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

ಹೀಗಾಗಿ ಎಲ್ಲರ ಆಸೆಯೂ ಗಾಳದ ಮೇಲೆ. ದಿನಕ್ಕೆ ಹತ್ತು ಸಲ ದಾರ ಮುಟ್ಟಿ ನೋಡುವುದು, ಹಕ್ಕಿ ಕಂಡರೆ ಅಲ್ಲಿ ಮೀನಿದೆ ಎಂದು ಕೂಗುವುದು. ಆದರೆ ಸಮುದ್ರದಲ್ಲಿ ಮೀನಿಲ್ಲದ ಜಾಗಗಳೂ ಇವೆ ಎಂದು ನನಗೆ ಗೊತ್ತಾದದ್ದು ಆಗಲೇ. ಹದಿನೈದು ದಿನ ಡಬ್ಬ ಅಲ್ಲಾಡಲಿಲ್ಲ.

ಇಪ್ಪತ್ತಾರನೆಯ ದಿನ, ಬೆಳಿಗ್ಗೆ ಹನ್ನೊಂದರ ಬಿಸಿಲಲ್ಲಿ ಅದು ಬಡಕೊಂಡಿತು. ಹೇಗೆ ಎಂದರೆ, ಡಬ್ಬ ಕಿತ್ತುಕೊಂಡು ಹೋಗಿ ಕಂಬಿಗೆ ಹೊಡೆಯಿತು. ದಾರ ನನ್ನದು, ಸರದಿಯೂ ನನ್ನದು. ಕೈಗವಸು ಹಾಕಿಕೊಂಡು ಎಳೆಯತೊಡಗಿದೆ. ಕಾವೇರಿಯ ಮೀನು ದಾರ ಎಳೆದರೆ ಬೆರಳಿಗೆ ಗೊತ್ತಾಗುತ್ತದೆ. ಇದು ಸೊಂಟಕ್ಕೆ ಗೊತ್ತಾಯಿತು. ಕ್ಯಾಪ್ಟನ್ನರು ಇಂಜಿನ್ ಇನ್ನೂ ನಿಧಾನ ಮಾಡಿಸಿದರು. ಅರ್ಧ ಗಂಟೆ ಎಳೆದೆ. ಮೀನು ಎರಡು ಸಲ ನೀರು ಬಿಟ್ಟು ಮೇಲೆದ್ದಾಗ ಎಲ್ಲರೂ ಒಟ್ಟಿಗೆ ಕೂಗಿದರು. ಅದು ಮಾಹಿ ಎಂದು ಕರೆಯುವ ಮೀನು. ಮೈಯೆಲ್ಲ ಬಂಗಾರ, ಬೆನ್ನಿಗೆ ನೀಲಿ, ಹಣೆ ಮಾತ್ರ ಗೋಡೆಯ ಹಾಗೆ ನೆಟ್ಟಗೆ. ಉದ್ದ ನನ್ನ ಎದೆಮಟ್ಟ. ಟಗ್ಗಿನ ಹಿಂಭಾಗ ನೀರಿಗೆ ತೀರ ತಗ್ಗು. ಒಂದು ಅಲೆ ಬಂದಾಗ ಅದರ ಜೊತೆಗೇ ಮೀನನ್ನೂ ಎಳೆದು ಎರಡು ಕೈಯಲ್ಲೂ ತಬ್ಬಿಕೊಂಡು ಮೇಲಕ್ಕೆ ಹಾಕಿಕೊಂಡೆ.

ವರ್ಗೀಸ್ ಸಂತೋಷಕ್ಕೆ ಕುಣಿಯುವುದೊಂದು ಬಾಕಿ. ಒಬ್ಬನಿಗೆ ಈರುಳ್ಳಿ ಹೆಚ್ಚು ಎಂದ, ಇನ್ನೊಬ್ಬನಿಗೆ ಕತ್ತಿ ತಾ ಎಂದ. ತಾನು ಫೋಟೋ ತೆಗೆಯಬೇಕೆಂದು ಮೊಬೈಲ್ ತರಲು ಒಳಗೋಡಿದ. ನಾನು ಇಕ್ಕಳದಿಂದ ಮೀನಿನ ಬಾಯಲ್ಲಿದ್ದ ಗಾಳ ಬಿಡಿಸಿದೆ. ಅದರ ಕಣ್ಣು ನನ್ನ ಕಣ್ಣಿನ ಹತ್ತಿರವೇ ಇತ್ತು. ಆಮೇಲೆ ನಡೆದದ್ದನ್ನು ನಾನು ಯೋಚನೆ ಮಾಡಿ ಮಾಡಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಕೈ ತಾನೇ ಮಾಡಿತು. ಪಯಣದ ಮೊದಲನೆಯ ಮೀನು. ಮಂಡಿಯೂರಿ, ಮುಂದಿನ ಅಲೆಗೆ ಅದನ್ನು ಒಡ್ಡಿ, "ತಗಳವ್ವ, ನಿನ್ ಕೂಸ ನೀನೇ ಮಡಿಕ," ಎಂದೆ. ಬಂಗಾರದ ಮೀನು ಒಂದು ಸಲ ಮಗ್ಗುಲು ಬದಲಿಸಿ ಆಳಕ್ಕೆ ಹೋಯಿತು. ಈಚೆಗೆ ತಿರುಗಿದರೆ ಹತ್ತು ಜನ ಬಾಯಿ ಬಿಟ್ಟುಕೊಂಡು ನಿಂತಿದ್ದಾರೆ. ಒಬ್ಬನ ಕೈಯಲ್ಲಿ ಕತ್ತಿ, ಒಬ್ಬನ ಕೈಯಲ್ಲಿ ಅರ್ಧ ಹೆಚ್ಚಿದ ಈರುಳ್ಳಿ. ಸರಿಯಾಗಿ ಅದೇ ಹೊತ್ತಿಗೆ ವರ್ಗೀಸ್ ಓಡಿಬಂದು ಫೋಟೋ ತೆಗೆದ.

ಆ ಫೋಟೋ ಅವರಿವರ ಕೈ ದಾಟಿ ನನಗೂ ಬಂತು, ಈಗಲೂ ನನ್ನ ಮೊಬೈಲಿನಲ್ಲಿದೆ. ಹಿಂದೆ ಸಮುದ್ರ, ಮುಂದೆ ಮಂಡಿಯೂರಿದ ನಾನು, ಮುಂಚಾಚಿದ ಎರಡು ಖಾಲಿ ಕೈ.

ಏನಾಯಿತು ಎಂದು ಅವರಿಗೆ ವಿವರಿಸಿದೆ. ನಮ್ಮ ವಂಶದ ಪದ್ಧತಿ ಎಂದೆ. ನನ್ನ ಹಿಂದಿಯಲ್ಲಿ ಗಂಗವ್ವ ಏನಾದಳೋ ಗೊತ್ತಿಲ್ಲ. ವರ್ಗೀಸ್ ಮೊಬೈಲನ್ನು ಜೇಬಿಗೆ ಹಾಕಿಕೊಂಡು, "ನಿಮ್ಮ ವಂಶ ಈ ಹಡಗಿನಲ್ಲಿಲ್ಲ. ನಾವಿದ್ದೇವೆ," ಎಂದು ಹೇಳಿ ಒಳಗೆ ಹೋದ. ಮಧ್ಯಾಹ್ನ ಬೇಳೆ. ನಾನು ಬಂದರೆ ಮೇಜಿನಲ್ಲಿ ಮಾತು ನಿಲ್ಲುತ್ತಿತ್ತು. ಒಂಬತ್ತು ದಿನವಾದ ಮೇಲೆ ಇನ್ನೊಬ್ಬರ ದಾರಕ್ಕೆ ಒಂದು ಟ್ಯೂನಾ ಬಿತ್ತು, ಎಲ್ಲರೂ ತಿಂದರು, ನನಗೂ ಹಾಕಿದರು. ಆದರೆ ವರ್ಗೀಸ್ ದಡ ಸೇರುವವರೆಗೂ ನನ್ನ ಜೊತೆ ಮಾತಾಡಲಿಲ್ಲ. ನಾನು ಅವನನ್ನು ಬಹಳ ಇಷ್ಟಪಡುತ್ತಿದ್ದೆ. ಬಂದರಿನಲ್ಲಿ ಇಳಿಯುವಾಗ ಕೈ ಕುಲುಕಿದ, ಅಷ್ಟೇ.

ಆ ದಿನಗಳಲ್ಲಿ ನನಗಿದ್ದ ಸಮಾಧಾನ ಒಂದೇ. ಊರಿಗೆ ಹೋಗಿ ಮಾವನಿಗೆ ಹೇಳಬೇಕು. ಇಡೀ ಪ್ರಪಂಚದಲ್ಲಿ ಇದು ಅರ್ಥವಾಗುವುದಾದರೆ ಅವನೊಬ್ಬನಿಗೆ. ನಮ್ಮವರು ಯಾರೂ ಇಲ್ಲದ ನಡುಸಮುದ್ರದಲ್ಲಿ, ಹಸಿದ ಹನ್ನೊಂದು ಜನರ ಎದುರು, ಅವನ ಮಾತನ್ನು ಉಳಿಸಿದೆನಲ್ಲ. ಮಾವ ಬೆನ್ನು ತಟ್ಟುತ್ತಾನೆ, ಕಣ್ಣಲ್ಲಿ ನೀರು ತುಂಬಿಕೊಳ್ಳುತ್ತಾನೆ, ಅತ್ತೆಯನ್ನು ಕರೆದು ಕೇಳು ಎನ್ನುತ್ತಾನೆ. ಹೀಗೆ ಉಳಿದ ದಿನಗಳನ್ನು ಕಳೆದೆ.

ಗಂಜಾಮಿನ ಜಗಲಿಯಲ್ಲಿ ಕೂತು ಎಲ್ಲ ಹೇಳಿ ಮುಗಿಸಿ, ಫೋಟೋ ತೋರಿಸಿದೆ. ಮಾವ ಮೊಬೈಲನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದ.

"ಇದೇನ್ಲಾ, ಯಾರ್ತಾವ ಸಾಲ ಕೇಳ್ತಾ ಇದ್ದೀಯ?"

"ಮೀನು ಬುಟ್ಟಿದ್ದು ಮಾವ. ಈಗ್ತಾನೆ ಬುಟ್ಟಿದ್ದು."

"ಮೀನೆಲ್ಲೈತೆ?"

"ಬುಟ್ಮ್ಯಾಲೆ ಎಲ್ಲಿರ್ತದೆ?"

"ಅದೂ ಸರೀನೆ," ಎಂದು ಮೊಬೈಲು ವಾಪಸು ಕೊಟ್ಟ. ಮುಖ ಮಾತ್ರ ಆಚೆ ತಿರುಗಿಸಿದ. ನಗುತ್ತಿದ್ದಾನೆ ಎಂದುಕೊಂಡೆ.

ಅಲ್ಲಿಂದ ಶುರುವಾಯಿತು ನೋಡಿ. ಎಲ್ಲಿ ನೆಂಟರು ಸೇರಲಿ, ಮಾವ ನನ್ನನ್ನು ನಡುವೆ ಕೂರಿಸಿಬಿಡುತ್ತಿದ್ದ. "ನಮ್ ಅಳೀಮಯ್ಯ ಸಮುದ್ರದಲ್ಲಿ ಮೀನ್ ಇಡುದ್ಬುಟ್ಟವ್ನೆ. ಯೋಳ್ಲಾ, ಎಷ್ಟುದ್ದ?" ನಾನು ಎದೆಮಟ್ಟ ಎಂದು ತೋರಿಸಿದರೆ, "ಓದ್ ವರ್ಸ ಸೊಂಟ್ಮಟ್ಟ ಇತ್ತು. ಬುಟ್ಮ್ಯಾಲೂ ಬೆಳೀತಾ ಐತೆ," ಎನ್ನುತ್ತಿದ್ದ. ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಕೆ.ಆರ್. ಪೇಟೆಯಲ್ಲಿ ಒಂದು ಗೃಹಪ್ರವೇಶಕ್ಕೆ ಹೋದರೆ, ನನಗೆ ಪರಿಚಯವೇ ಇಲ್ಲದವರು ಬಂದು, "ಖಾಲಿ ಕೈ ಫೋಟೋ ನಿಮ್ದೇ ಅಲ್ವಾ ಸಾ?" ಎಂದು ಕೇಳಿದರು. ಊರೆಲ್ಲ ನಂಬದಿದ್ದರೆ ನನಗೇನೂ ಆಗುತ್ತಿರಲಿಲ್ಲ. ಗಾಳ ಹಾಕುವವರ ಮಾತನ್ನು ಯಾರು ತಾನೇ ನಂಬುತ್ತಾರೆ, ನಾನೂ ನಂಬುವುದಿಲ್ಲ. ಆದರೆ ಮಾವ ನಂಬಬೇಕಿತ್ತು. ಅವನ ಮಾತಿಗಾಗಿ ಒಬ್ಬ ಒಳ್ಳೆಯ ಸ್ನೇಹಿತನನ್ನು ಕಳೆದುಕೊಂಡು ಬಂದಿದ್ದೆ. ಐದು ವರ್ಷ ಈ ನೋವನ್ನು ನಗುತ್ತಾ ನುಂಗಿದೆ.

ಈಚೆಗೊಂದು ದಿನ ನಾಗಮಂಗಲದಲ್ಲಿ ನೆಂಟರ ಮನೆಯ ಬೀಗರ ಊಟ. ಮಾವನಿಗೆ ಆಗಷ್ಟೇ ಕಣ್ಣಿನ ಪೊರೆ ತೆಗೆಸಿ ಕಪ್ಪು ಕನ್ನಡಕ ಹಾಕಿಸಿದ್ದರು. ಮನೆಯಲ್ಲಿರು ಎಂದರೆ ಕೇಳಲಿಲ್ಲ, ಬಾಡೂಟಕ್ಕೆ ಕಣ್ಣು ಬೇಕಾಗಿಲ್ಲ ಎಂದು ಬಂದಿದ್ದ. ಎಲೆಗೆ ಮುದ್ದೆ ಬಿತ್ತು, ಸಾರು ಬಿತ್ತು. ಎದುರು ಸಾಲಿನವನೊಬ್ಬ, "ಬೋರೇಗೌಡ್ರೆ, ನಿಮ್ ಅಳಿಯಂಗೆ ಮೊದಲ್ನೇ ತುಂಡು ಬ್ಯಾಡ್ವಂತೆ, ಗಂಗವ್ವಂಗಂತೆ," ಎಂದ. ಮಾವ ತಲೆಯೆತ್ತಿ, "ಇಲ್ಲ ಕಣಪ್ಪ, ಅವುನ್ದು ಬರೀ ಬಾಯ್ಮಾತು, ತಿಂತಾನೆ ಆಕು," ಎಂದ. ಸಾಲಿಗೆ ಸಾಲೇ ನಕ್ಕಿತು. ನನಗೆ ಏನಾಯಿತೋ. ಎಲೆ ಬಿಟ್ಟು ಎದ್ದುಬಿಟ್ಟೆ. ನಮ್ಮ ಕಡೆ ಬೀಗರ ಊಟದಲ್ಲಿ ಎಲೆ ಬಿಟ್ಟು ಏಳುವುದು ಎಂದರೆ ಸಣ್ಣ ಮಾತಲ್ಲ. ಭಾಗ್ಯ ಹಿಂದೆಯೇ ಓಡಿಬಂದಳು. ಅಪ್ಪನ ಮೇಲೂ ಗಂಡನ ಮೇಲೂ ಒಟ್ಟಿಗೆ ಸಿಟ್ಟು ಬಂದರೆ ಹೆಂಗಸರು ಏನು ಮಾಡುತ್ತಾರೋ ಅದನ್ನೇ ಮಾಡಿದಳು. ಮನೆ ಮುಟ್ಟುವವರೆಗೂ ಮಾತಾಡಲಿಲ್ಲ.

ಹದಿನೈದು ದಿನ ನಾನು ಗಂಜಾಮಿನ ಕಡೆ ತಲೆ ಹಾಕಲಿಲ್ಲ. ಕೊನೆಗೆ ಭಾಗ್ಯ, "ಅಪ್ಪಯ್ಯ ಫೋನ್ ಮಾಡಿತ್ತು. ವೊಳೆತಾವ ಕರ್ಕೊಂಡೋಗಾಕೆ ನೀವೇ ಬರ್ಬೇಕಂತೆ. ಬೇರೆ ಯಾರೂ ಬ್ಯಾಡ್ವಂತೆ," ಎಂದಳು.

ಹೋದೆ. ಬೆಳಗಿನ ಹೊತ್ತು. ದೂಳು ತಾಗಬಾರದು, ಬಗ್ಗಬಾರದು ಎಂದು ಡಾಕ್ಟರು ಹೇಳಿದ್ದರು. ಕೂರಬೇಡ ಎಂದು ಹೇಳಿಲ್ಲವಲ್ಲ ಎಂಬುದು ಮಾವನ ವಾದ. ಕೈ ಹಿಡಿದು ನಿಧಾನಕ್ಕೆ ದಂಡೆಗೆ ಕರೆದುಕೊಂಡು ಹೋಗಿ ಒಂದು ಬಂಡೆಯ ಮೇಲೆ ಕೂರಿಸಿದೆ. ಗಾಳ ಹಾಕಿದ್ದು ನಾನು. ಸ್ವಲ್ಪ ಹೊತ್ತಿಗೆ ದಾರಕ್ಕೆ ಕಟ್ಟಿದ್ದ ಬೆಂಡು ಮುಳುಗಿತು. ಸಣ್ಣದೊಂದು ಜಿಲೇಬಿ ಮೀನು. ಬಿಡಿಸಿ, ಎಂದಿನಂತೆ ಹೇಳುವುದನ್ನು ಹೇಳಿ ನೀರಿಗೆ ಬಿಟ್ಟೆ.

"ಬುಟ್ಯಾ?" ಮಾವ ಕೇಳಿದ.

"ಬುಟ್ಟೆ."

"ಇಷ್ಟೆಲ್ಲಾ ಆದ್ಮ್ಯಾಲೂ ಬುಡ್ತೀಯ."

ನಾನು ಗಾಳಕ್ಕೆ ಮತ್ತೆ ರಾಗಿ ಉಂಡೆ ಚುಚ್ಚಿದೆ. ಮಾವ ಕಪ್ಪು ಕನ್ನಡಕವನ್ನು ನೀರಿನ ಕಡೆಗೇ ಇಟ್ಟುಕೊಂಡು ಹೇಳಿದ, "ಆ ಸಮುದ್ರದ್ ಮೀನ ನೀನು ಬುಟ್ಟಿದ್ದು ದಿಟವೇ ಕಣ್ಲಾ. ನಂಗೆ ಮೊದಲ್ನೇ ದಿನವೇ ಗೊತ್ತಿತ್ತು."

"ಎಂಗೆ ಗೊತ್ತಿತ್ತು?"

"ಐವತ್ ವರ್ಸ ಗಾಳ ಆಕಿವ್ನಿ. ಸುಳ್ ಯೋಳೋನು ದಾರ ಕಿತ್ಕೊಂಡೋಯ್ತು ಅಂತಾನೆ, ಗಾಳ ಮುರುದೋಯ್ತು ಅಂತಾನೆ. ಕೈಗ್ ಸಿಕ್ಕಿದ್ನ ನಾನೇ ಬುಟ್ಟೆ ಅಂತ ಸುಳ್ ಯೋಳ್ದೋನ ಒಬ್ಬುನ್ನೂ ಕಂಡಿಲ್ಲ."

ನನಗೆ ಸಿಟ್ಟು ಒತ್ತರಿಸಿಕೊಂಡು ಬಂತು. "ಮತ್ಯಾಕ್ ಮಾವ ಐದ್ ವರ್ಸ ಊರ್ ತುಂಬ ನನ್ ಮಾನ ಕಳ್ದೆ?"

"ದಿಟ ಅಂತ ಒಪ್ಕಂಡ್ರೆ, ಯಾಕ್ ಬುಟ್ಟ ಅಂತ ಕ್ಯೋಳ್ಬೇಕಾಯ್ತದೆ. ನನ್ ಮಾತಿಗ್ ಬುಟ್ಟ ಅಂತಾಯ್ತದೆ. ಅಷ್ಟು ಜನ ಅಸ್ಕೊಂಡಿದ್ರು ಅಂದೆ. ಆ ಅಡ್ಗೆಯವ್ನು ಮಾತ್ ಬುಟ್ಟ ಅಂದೆ. ಏನಂತ ಯೋಳ್ಲಿ ನಿಂಗೆ?" ಮಾವ ಬಂಡೆಯ ಮೇಲೆ ನನ್ನ ಕಡೆಗೆ ತಿರುಗಿ ಕೂತ. "ನಮ್ ವಂಸ್ದಲ್ಲಿ ಅಂತಾದ್ದೇನೂ ಇಲ್ಲ ಕಣ್ಲಾ ಪುಟ್ಸಾಮಿ. ನಮ್ಮಪ್ಪ ಮೊದಲ್ನೇ ಮೀನೂ ತಿಂತಿದ್ದ, ಕಡೇ ಮೀನೂ ತಿಂತಿದ್ದ. ಮುಳ್ಳೂ ಬುಡ್ತಿರ್ಲಿಲ್ಲ."

ನಾನು ಕೋಲು ಕೆಳಗಿಟ್ಟೆ.

"ನೀನು ಮೊದಲ್ನೇ ಮೀನ್ ಇಡ್ದಾಗ ಏನ್ ಮಾಡ್ದೆ ಗ್ಯಾಪ್ಕ ಐತಾ? ಅದು ಬಾಯ್ ಬಾಯ್ ಬುಡ್ತಾ ಇತ್ತು. ನೀನು ಅದ್ನ ಅಂಗಿಗ್ ಒತ್ಕೊಂಡು ಗೊಳೋ ಅಂತ ಅಳಾಕ್ ಸುರು ಮಾಡ್ದೆ. ಅವ್ರವ್ವಂತಾವ ಬುಟ್ಬುಡು ಮಾವ, ಅವ್ರವ್ವಂತಾವ ಬುಟ್ಬುಡು ಅಂತ. ನನ್ ಜೊತೆ ಕೂತಿದ್ದ ಆ ಮೂರ್ ಜನ ಆಗ್ಲೇ ಕಿಸಿಯಾಕ್ ಹತ್ತಿದ್ರು. ಗಂಡುಡ್ಗ ಮೀನ್ಗ್ ಅಳ್ತಾನೆ ಅಂತ ಗಂಜಾಂ ತುಂಬ ಸಾರ್ಬುಡೋರು. ನೀನು ಆಮ್ಯಾಕೆ ವೊಳೆ ಕಡೆ ಬತ್ತಿದ್ಯಾ? ಅದ್ಕೆ ಬಾಯಿಗ್ ಬಂದುದ್ದ ಯೋಳ್ದೆ. ಗಂಗವ್ವ ಅಂದೆ, ವಂಸ ಅಂದೆ. ನೀನೂ ಸುಮ್ಕಾದೆ, ಅವ್ರೂ ಸುಮ್ಕಾದ್ರು."

ನನಗೆ ನೆನಪಿಲ್ಲ. ಇಷ್ಟುದ್ದ ನೆನಪುಗಳನ್ನು ಬರೆಯುತ್ತಿರುವ ನನಗೆ, ಬೆಲ್ಲ ಹಾಕಿದ ರಾಗಿ ಉಂಡೆಯ ರುಚಿ ನೆನಪಿರುವ ನನಗೆ, ನಾನು ಅತ್ತದ್ದು ಒಂದಿಷ್ಟೂ ನೆನಪಿಲ್ಲ. ಮಾವ ಹೇಳಿದ ಪದ್ಧತಿ ಮಾತ್ರ ನೆನಪಿದೆ. ಅಷ್ಟು ಚೆನ್ನಾಗಿ ಮುಚ್ಚಿದ್ದ ಅವನು.

"ಅಂಗಾರೆ ನೀನ್ಯಾಕ್ ಬುಡ್ತಿದ್ದೆ ಮಾವ?" ಎಂದು ಕೇಳಿದೆ. "ನಾನು ಇಸ್ಕೂಲ್ಗೋದಾಗ, ಸಮುದ್ರಕ್ಕೋದಾಗ, ನೋಡಾಕೆ ಯಾರೂ ಇರ್ಲಿಲ್ವಲ್ಲ. ಅತ್ತೆತಾವ ದಿನಾ ಬೈಸ್ಕೊಂಡು ಯಾಕ್ ಬುಡ್ತಿದ್ದೆ?"

ಮಾವ ಕನ್ನಡಕದ ಮೇಲೊಮ್ಮೆ ಕೈಯಾಡಿಸಿ ಸರಿಮಾಡಿಕೊಂಡ.

"ನಿಂಗೆ ಸುಳ್ ಯೋಳ್ಬುಟ್ಟಿದ್ನಲ್ಲ ಕಣ್ಲಾ. ನಾನು ಮಾಡ್ತಾ ಇದ್ರೆ ಅದು ಸುಳ್ಳಾಗಕ್ಕಿಲ್ಲ ಅಂತ."

ನಲವತ್ತು ವರ್ಷ. ಬಂಡೆಯ ಮೇಲೆ ಅವನ ಪಕ್ಕ ಹೋಗಿ ಕೂತು ಅವನ ಕೈಯನ್ನು ನನ್ನ ಎರಡು ಕೈಯಲ್ಲೂ ಹಿಡಿದುಕೊಂಡೆ. ನಮ್ಮ ಕಡೆ ಗಂಡಸರು ಹಾಗೆ ಕೈ ಹಿಡಿದುಕೊಂಡು ಕೂರುವುದಿಲ್ಲ. ಬಿಸಿಲು ಏರುವವರೆಗೂ ನಾವು ಹಾಗೇ ಕೂತಿದ್ದೆವು.